ಇನ್ನೊಂದು ಆಟೀನು ಬಂದರೆ…

ನಿಮ್ಮ ಕೈಯಲ್ಲಿ ಆಟೀನಿನ ಒಂಬತ್ತು, ಆಟೀನಿನ ಎಂಟು. ಮೇಜಿನ ಮೇಲೆ ಬಿದ್ದಿರುವ ಮೂರು ಎಲೆಗಳು: ಆಟೀನಿನ ರಾಜ, ಕಳಾವರದ ಆರು, ಆಟೀನಿನ ಎರಡು. ಒಟ್ಟು ನಾಲ್ಕು ಆಟೀನು ಆಯಿತು. ಐದನೆಯದೊಂದು ಬಂದರೆ ಫ್ಲಷ್. ಬರದಿದ್ದರೆ ಒಂದು ಜೋಡಿಯೂ ಇಲ್ಲದ ಖಾಲಿ ಕೈ. ನಿಮ್ಮ ಮುಂದೆ ಉಳಿದಿರುವುದು 11,000 ಚಿಪ್. ಎದುರಿನವನ ಹತ್ತಿರ ನಿಮಗಿಂತ ಹೆಚ್ಚಿದೆ. ಅವನು 2,000 ಮುಂದೆ ತಳ್ಳಿ ನಿಮ್ಮ ಮುಖವನ್ನೇ ನೋಡುತ್ತಿದ್ದಾನೆ.

ಹುಬ್ಬಳ್ಳಿಯ ಉಣಕಲ್ ಕೆರೆಯ ಆಚೆಗಿನ ಬಡಾವಣೆಯೊಂದರ ಮಹಡಿಯಲ್ಲಿ ಭಾನುವಾರ ಸಂಜೆ ಹೀಗೆ ಪ್ಲಾಸ್ಟಿಕ್ ಚಿಪ್ ಹರವಿಕೊಂಡು ಆಡುವ ಹುಡುಗರ ಗುಂಪೊಂದಿದೆ. ಎಲ್ಲರೂ ಎಂಜಿನಿಯರಿಂಗ್ ಓದುವವರು ಅಥವಾ ಓದಿ ಕೆಲಸ ಹುಡುಕುತ್ತಿರುವವರು. ರೊಕ್ಕದ ಮಾತಿಲ್ಲ, ಮೊದಲು ಹೊರಬಿದ್ದವನು ಉಣಕಲ್ ಕ್ರಾಸಿನವರೆಗೆ ನಡೆದು ಎಲ್ಲರಿಗೂ ಗಿರ್ಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬರಬೇಕು. ಅವರ ಆಟ ನೋಡುತ್ತ ಕೂತರೆ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು ಒಂದೇ: ‘ತಡೀ ಲೇ, ಇನ್ನೊಂದ್ ಎಲಿ ನೋಡೂಣು.’ ಹಾಗೆಂದು ನಾಲ್ಕು ಆಟೀನು ಹಿಡಿದ ಹುಡುಗ 2,000 ಕಟ್ಟುತ್ತಾನೆ. ಇಸ್ಪೀಟಿನ ನಾಲ್ಕು ಬೀಳುತ್ತದೆ. ಎದುರಿನವನು ಈ ಸಲ ಇದ್ದದ್ದನ್ನೆಲ್ಲ ಮುಂದಕ್ಕೆ ನೂಕುತ್ತಾನೆ. ನಮ್ಮ ಹುಡುಗ ತಲೆ ಕೆರೆದುಕೊಂಡು, ಒಮ್ಮೆ ಆಕಾಶ ನೋಡಿ, ಎಲೆ ಮುಚ್ಚುತ್ತಾನೆ. ಹತ್ತು ನಿಮಿಷದಲ್ಲಿ ಗಿರ್ಮಿಟ್ಟು ತರಲು ಚಪ್ಪಲಿ ಮೆಟ್ಟುವವನು ಅವನೇ.

‘ಇನ್ನೊಂದ್ ಎಲಿ ನೋಡೂಣು’ ಎನ್ನುವ ಈ ಮಾತೇ ಕಡಿಮೆ ಚಿಪ್ಪಿನ ಆಟಗಾರನನ್ನು ಮುಳುಗಿಸುವುದು ಎಂಬುದು ನನ್ನ ವಾದ. ನಾಲ್ಕು ಆಟೀನು ಹಿಡಿದವನು ಒಂದೋ ಇದ್ದದ್ದೆಲ್ಲವನ್ನೂ ತಾನೇ ಮೊದಲು ಹಾಕಬೇಕು, ಇಲ್ಲವೇ ಎಲೆ ಮುಚ್ಚಬೇಕು. ನಡುವಿನ ದಾರಿ ಸಾಮಾನ್ಯವಾಗಿ ಅವನಿಗೆ ಇರುವುದಿಲ್ಲ. ಯಾಕೆ ಎನ್ನುವುದಕ್ಕೆ ಸ್ವಲ್ಪ ಲೆಕ್ಕ ಬೇಕು. ಏಳನೇ ಇಯತ್ತೆಯ ಲೆಕ್ಕ, ಹೆದರಬೇಡಿ.

ರಮ್ಮಿ ಮತ್ತು ಅಂದರ್-ಬಾಹರ್ ಮಾತ್ರ ಗೊತ್ತಿರುವವರಿಗೆ ಆಟದ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಟೆಕ್ಸಸ್ ಹೋಲ್ಡೆಮ್ ಎಂಬ ಪೋಕರ್‌ನಲ್ಲಿ ಪ್ರತಿಯೊಬ್ಬನಿಗೂ ಎರಡು ಮುಚ್ಚಿದ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ. ಮೊದಲು ಮೂರು ಒಟ್ಟಿಗೆ ಬೀಳುತ್ತವೆ, ಅದು ಫ್ಲಾಪ್. ಆಮೇಲೆ ಒಂದು, ಅದು ಟರ್ನ್. ಕೊನೆಗೆ ಇನ್ನೊಂದು, ಅದು ರಿವರ್. ಪ್ರತಿ ಹಂತದಲ್ಲೂ ಪಣ ಕಟ್ಟಬಹುದು, ಏರಿಸಬಹುದು, ಬಿಟ್ಟು ಏಳಬಹುದು. ಏಳರಲ್ಲಿ ಐದು ಎಲೆಗಳ ಒಳ್ಳೆಯ ಕೂಟ ಯಾರದೋ ಅವರಿಗೆ ನಡುವಿನ ರಾಶಿ. ಒಂದೇ ಬಣ್ಣದ ಐದು ಎಲೆ ಕೂಡಿದರೆ ಫ್ಲಷ್. ನಾಲ್ಕು ಕೂಡಿ ಐದನೆಯದಕ್ಕೆ ಕಾಯುವುದು ಫ್ಲಷ್ ಡ್ರಾ. ಟೂರ್ನಿಯಲ್ಲಿ ಎಲ್ಲರೂ ಒಂದೇ ಮೊತ್ತದ ಪ್ರವೇಶ ಶುಲ್ಕ ಕಟ್ಟಿ ಒಂದೇ ಅಳತೆಯ ಚಿಪ್ ಪಡೆಯುತ್ತಾರೆ. ಆ ಚಿಪ್ಪನ್ನು ನಡುವೆ ನಗದು ಮಾಡಿಸಿಕೊಳ್ಳುವಂತಿಲ್ಲ. ಖಾಲಿಯಾದವನು ಹೊರಗೆ. ಜೊತೆಗೆ ಗಡಿಯಾರ ನೋಡಿಕೊಂಡು ಬ್ಲೈಂಡ್ ಏರುತ್ತ ಹೋಗುತ್ತದೆ, ಅಂದರೆ ಎಲೆ ನೋಡುವ ಮೊದಲೇ ಸರದಿಯಂತೆ ಕಟ್ಟಲೇಬೇಕಾದ ಕಡ್ಡಾಯ ಪಣ.

ಈಗ ಮೊದಲಿನ ಕೈಗೆ ಬರೋಣ. ಒಂಬತ್ತು ಜನರ ಮೇಜು. ಬ್ಲೈಂಡ್ 500 ಮತ್ತು 1,000. ದೊಡ್ಡ ಬ್ಲೈಂಡ್ ಕಟ್ಟುವವನು ಆ್ಯಂಟೆ ಎಂದು ಇನ್ನೂ 1,000 ಹಾಕಬೇಕು. ಈ ಸರದಿ ನಿಮ್ಮದು. ಕೈ ಶುರುವಾದಾಗ ನಿಮ್ಮ ಬಳಿ 14,000 ಇತ್ತು. ಬಟನ್ ಮೇಲೆ, ಅಂದರೆ ಡೀಲರ್ ಸ್ಥಾನದಲ್ಲಿ, ಕೂತವನು 2,000ಕ್ಕೆ ಏರಿಸಿದ, ಸಣ್ಣ ಬ್ಲೈಂಡಿನವನು ಎದ್ದ, ನೀವು ಇನ್ನೊಂದು ಸಾವಿರ ಸೇರಿಸಿ ಫ್ಲಾಪ್ ನೋಡಿದಿರಿ. ನಡುವೆ 5,500 ಕೂಡಿತು, ನಿಮ್ಮಲ್ಲಿ 11,000 ಉಳಿಯಿತು. ಅವನು 2,000 ಹಾಕಿದ ಮೇಲೆ ರಾಶಿ 7,500.

ನೀವು ಕಂಡಿರುವ ಎಲೆ ಐದು, ಕಾಣದವು 47. ಅದರಲ್ಲಿ ಆಟೀನು ಒಂಬತ್ತು. ಮುಂದಿನ ಒಂದು ಎಲೆಯಲ್ಲಿ ಆಟೀನು ಬೀಳುವ ಸಾಧ್ಯತೆ 47ಕ್ಕೆ 9, ಅಂದರೆ ಶೇ 19ರ ಆಸುಪಾಸು. ಎರಡೂ ಎಲೆ ನೋಡಲು ಸಿಕ್ಕರೆ ಶೇ 35. ಬಾಯಿಲೆಕ್ಕಕ್ಕೆ ಆಟಗಾರರು ಬಳಸುವ ಉಪಾಯ ಇದೆ: ಬೇಕಾದ ಎಲೆಗಳ ಸಂಖ್ಯೆಯನ್ನು, ಎರಡು ಎಲೆ ಬಾಕಿ ಇದ್ದರೆ ನಾಲ್ಕರಿಂದ, ಒಂದೇ ಬಾಕಿ ಇದ್ದರೆ ಎರಡರಿಂದ ಗುಣಿಸುವುದು. ಒಂಬತ್ತು ನಾಲ್ಕಲೆ ಮೂವತ್ತಾರು, ಒಂಬತ್ತೆರಡಲೆ ಹದಿನೆಂಟು. ಮೇಜಿನ ಮೇಲೆ ಇಷ್ಟು ಕರಾರುವಾಕ್ಕು ಸಾಕು.

‘ಇನ್ನೊಂದ್ ಎಲಿ ನೋಡೂಣು’ ಅನ್ನುವವನು ಏನು ಕೊಂಡ ನೋಡಿ. 2,000 ಕೊಟ್ಟು 9,500ರ ರಾಶಿಯಲ್ಲಿ ಪಾಲು ಕೇಳುತ್ತಿದ್ದಾನೆ. ಲುಕ್ಸಾನಾಗದಿರಲು ಶೇ 21 ಗೆಲ್ಲಬೇಕು, ಅವನಲ್ಲಿರುವುದು 19. ಅಂತರ ಚಿಕ್ಕದು, ಅದಕ್ಕೇ ಹೀಗೆ ಒಪ್ಪಿ ಕಟ್ಟುವುದು, ಅಂದರೆ ಕಾಲ್ ಮಾಡುವುದು, ತಪ್ಪಿನಂತೆ ಕಾಣುವುದಿಲ್ಲ. ನಿಜವಾದ ಹೊಡೆತ ಬೀಳುವುದು ಟರ್ನ್‌ನಲ್ಲಿ. ಐದರಲ್ಲಿ ನಾಲ್ಕು ಸಲ ಆಟೀನು ಬರುವುದಿಲ್ಲ. ಆಗ ನಡುವೆ 9,500, ನಿಮ್ಮಲ್ಲಿ 9,000. ಎದುರಿನವನು ಎಲ್ಲ ತಳ್ಳಿದರೆ 27,500ರ ರಾಶಿಗಾಗಿ 9,000 ಕೊಡಬೇಕು, ಅಂದರೆ ಶೇ 33ರಷ್ಟು ಗೆಲುವು ಬೇಕು. ಒಂದೇ ಎಲೆ ಬಾಕಿ ಇರುವಾಗ ಇರುವುದು ಶೇ 20ಕ್ಕೂ ತುಸು ಕಡಿಮೆ. ಮುಚ್ಚಲೇಬೇಕು. ಫ್ಲಾಪ್‌ನಲ್ಲಿ ಎರಡೂ ಎಲೆ ಸೇರಿ ಶೇ 35 ಇದ್ದ ಆಸ್ತಿಯನ್ನು ಚಿಲ್ಲರೆಯಾಗಿ ಒಡೆದು, ಅರ್ಧಕ್ಕೆ ರೊಕ್ಕ ಕೊಟ್ಟು, ಉಳಿದರ್ಧ ಬಿಟ್ಟು ಬಂದಂತಾಯಿತು.

ಇನ್ನೊಂದು ದಾರಿ: ಆ 2,000ಕ್ಕೆ ಉತ್ತರವಾಗಿ ಇದ್ದ 11,000 ಪೂರ್ತಿ ತಳ್ಳುವುದು. ಎದುರಿನವನು ಒಪ್ಪಿದರೆ ಒಟ್ಟು ರಾಶಿ 27,500. ಅದರಲ್ಲಿ ಶೇ 35 ಅಂದರೆ 9,625. ನೀವು ಹಾಕಿದ್ದು 11,000. ಸರಾಸರಿ 1,375 ಚಿಪ್ ನಷ್ಟ. ಇಷ್ಟೇ ಆಗಿದ್ದರೆ ತಳ್ಳುವುದು ತಪ್ಪೇ. ಆದರೆ ಅವನು ಪ್ರತಿಸಲ ಒಪ್ಪುವುದಿಲ್ಲ. ಬಟನ್ ಮೇಲಿಂದ ಏರಿಸಿದವನ ಕೈಯಲ್ಲಿ ಯಾವಾಗಲೂ ರಾಜ ಇರುತ್ತಾನೆಯೇ? ಎಕ್ಕ-ಐದು ಇರಬಹುದು, ರಾಣಿ-ಗುಲಾಮ ಇರಬಹುದು, ನಾಲ್ಕರ ಜೋಡಿ ಇರಬಹುದು. ಅವನು ಮುಚ್ಚಿದ ಪ್ರತಿ ಸಲವೂ ಮೇಜಿನ 7,500 ಏನೂ ತೋರಿಸದೆ ನಿಮ್ಮದು. ಆರು ಸಲಕ್ಕೆ ಒಮ್ಮೆ ಅವನು ಮುಚ್ಚಿದರೂ ನಿಮ್ಮ ಲೆಕ್ಕ ಸರಿಹೋಗುತ್ತದೆ. ಅರ್ಧ ಸಲ ಮುಚ್ಚಿದರೆ ಸರಾಸರಿ 3,000 ಚಿಪ್ ಲಾಭ, ಅಂದರೆ ಮೂರು ದೊಡ್ಡ ಬ್ಲೈಂಡ್. 11 ಬ್ಲೈಂಡ್ ಇಟ್ಟುಕೊಂಡು ಕೂತವನಿಗೆ ಮೂರು ಬ್ಲೈಂಡ್ ಎಂದರೆ ಸಣ್ಣ ಮಾತಲ್ಲ.

ಈಗ ಪಾತ್ರ ಅದಲು ಬದಲು ಮಾಡಿ. ಅದೇ ಎಲೆ, ಅದೇ 11,000; ಆದರೆ 5,500 ರಾಶಿ ಇರುವಾಗ ಎದುರಿನವನೇ ಮೊದಲು ನಿಮ್ಮ 11,000 ಪೂರ್ತಿ ಕೇಳುವ ಪಣ (ಆಲ್-ಇನ್) ಹಾಕಿದ. ನಿಮಗೆ ಬೇಕಾದ ಗೆಲುವು ಶೇ 40. ಇರುವುದು 35. ಮುಚ್ಚಬೇಕು. ಎಲೆಯ ಬೆಲೆ ಒಂದಿಷ್ಟೂ ಬದಲಾಗಿಲ್ಲ. ಮುಚ್ಚುವ ಹಕ್ಕು ಯಾರ ಕೈಯಲ್ಲಿ ಉಳಿದಿದೆ ಎಂಬುದಷ್ಟೇ ಬದಲಾಯಿತು. ಮೊದಲು ತಳ್ಳಿದವನಿಗೆ ಗೆಲ್ಲಲು ಎರಡು ದಾರಿ, ಒಪ್ಪಿಕೊಂಡವನಿಗೆ ಒಂದೇ ದಾರಿ. ಅಮೆರಿಕದ ಪೋಕರ್ ಲೇಖಕ ಡೇವಿಡ್ ಸ್ಕ್ಲಾನ್ಸ್ಕಿ ಹೀಗೆ ಮೊದಲು ತಳ್ಳುವುದಕ್ಕೆ ಸೆಮಿ-ಬ್ಲಫ್ ಎಂದು ಹೆಸರಿಟ್ಟ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸುಳ್ಳು ಸಿಕ್ಕಿಬಿದ್ದರೂ ಮೂರರಲ್ಲೊಂದು ಸಲ ಅದು ನಿಜವಾಗಿಬಿಡುತ್ತದೆ.

ಚಿಪ್ ಕಡಿಮೆ ಎಂದರೆ ಎಷ್ಟು ಕಡಿಮೆ? ಬ್ಯಾಕ್‌ಗ್ಯಾಮನ್ ಆಟದ ಪಂಡಿತನಾಗಿದ್ದ ಪಾಲ್ ಮ್ಯಾಗ್ರಿಯಲ್ ಎಂಬ ಗಣಿತಜ್ಞನ ಹೆಸರಿನಲ್ಲಿ ಒಂದು ಅಳತೆ ಬಳಕೆಯಲ್ಲಿದೆ, ಎಂ ಅನ್ನುತ್ತಾರೆ. ಅದನ್ನು ಜನಪ್ರಿಯ ಮಾಡಿದ್ದು ಪೋಕರ್ ಆಟಗಾರ ಡ್ಯಾನ್ ಹ್ಯಾರಿಂಗ್ಟನ್‌ನ ಪುಸ್ತಕಗಳು. ಒಂದು ಸುತ್ತಿಗೆ ಕಡ್ಡಾಯವಾಗಿ ಹೋಗುವ ಚಿಪ್ ಎಷ್ಟು ಎಂದು ಕೂಡಿಸಿ, ನಿಮ್ಮಲ್ಲಿರುವುದನ್ನು ಅದರಿಂದ ಭಾಗಿಸಬೇಕು. ನಮ್ಮ ಕೈಯಲ್ಲಿ ಸುತ್ತಿಗೆ 2,500. 14,000 ಇದ್ದವನ ಎಂ 5.6. ಏನೂ ಆಡದೆ ಸುಮ್ಮನೆ ಕೂತರೆ ಐದೂವರೆ ಸುತ್ತು, ಐವತ್ತು ಕೈ ಆಗುವಷ್ಟರಲ್ಲಿ ಎಲ್ಲ ಖರ್ಚು. ಬ್ಲೈಂಡ್ ಏರಿದರೆ ಇನ್ನೂ ಬೇಗ. ಆ ಐವತ್ತು ಕೈಗಳಲ್ಲಿ ಎಕ್ಕದ ಜೋಡಿ ಬರುತ್ತದೆಂದು ಕಾಯುವವರಿದ್ದಾರೆ; ಎಕ್ಕದ ಜೋಡಿ 221 ಕೈಗೆ ಸರಾಸರಿ ಒಮ್ಮೆ ಬರುವುದು. ನಮ್ಮ ಎರೆಭೂಮಿಯ ರೈತ ಹದ ಆರುವುದರೊಳಗೆ ಕೂರಿಗೆ ಹೂಡುತ್ತಾನಲ್ಲ, ಹಾಗೆ ಎದುರಿನವನು ಹೆದರುವಷ್ಟು ಚಿಪ್ ಇರುವಾಗಲೇ ತಳ್ಳಬೇಕು. ಮೂರು ಬ್ಲೈಂಡ್ ಉಳಿದ ಮೇಲೆ ತಳ್ಳಿದರೆ ಯಾರೂ ಮುಚ್ಚುವುದಿಲ್ಲ; ಆಗ ನಿಮ್ಮ ಹತ್ತಿರ ಎಲೆಯ ಶೇ 35 ಮಾತ್ರ ಉಳಿದಿರುತ್ತದೆ, ಅವನ ಭಯದಿಂದ ಸಿಗಬೇಕಾದ ಪಾಲು ಹೋಗಿರುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಒಂದೇ ಬಣ್ಣದ ಎರಡು ಎಲೆ ಕಂಡ ಕೂಡಲೇ ಹಲವರ ಕಣ್ಣು ಅರಳುತ್ತದೆ. ಆ ಎರಡು ಎಲೆ ಹಿಡಿದವನಿಗೆ ಫ್ಲಾಪ್‌ನಲ್ಲಿ ಡ್ರಾ ಸಿಗುವುದು ನೂರಕ್ಕೆ ಹನ್ನೊಂದು ಸಲ. ಐದೂ ಎಲೆ ನೋಡಿದರೂ ಫ್ಲಷ್ ಕೂಡುವುದು ನೂರಕ್ಕೆ ಆರೇಳು ಸಲ ಮಾತ್ರ. ಆದ್ದರಿಂದ ಕಡಿಮೆ ಚಿಪ್ಪಿನವನು ‘ಬಣ್ಣ ಒಂದೇ ಐತಿ’ ಎಂಬ ಕಾರಣಕ್ಕೇ ರಾಜ-ಮೂರು, ಗುಲಾಮ-ನಾಲ್ಕು ಹಿಡಿದು ಏರಿಸಿದವನ ಹಿಂದೆ ಹೋಗುವುದು ದುಬಾರಿ ಚಟ. ದೊಡ್ಡ ಬ್ಲೈಂಡಿನಲ್ಲಿ ಕೂತು ಅರ್ಧ ರೊಕ್ಕ ಮೊದಲೇ ಕಟ್ಟಿದ್ದಾಗ ಒಂಬತ್ತು-ಎಂಟು ನೋಡಬಹುದು; ಬೇರೆ ಜಾಗದಲ್ಲಿ ಬೇಡ.

ಇದೆಲ್ಲ ಜೂಜಲ್ಲವೇ ಎಂದು ಮನೆಯಲ್ಲಿ ಹಿರಿಯರು ಕೇಳುತ್ತಾರೆ, ಕೇಳಬೇಕಾದ್ದೇ. ನಮ್ಮ ಅವಳಿನಗರದ ಪತ್ರಿಕೆಗಳ ಒಳಪುಟದಲ್ಲಿ, ದೀಪಾವಳಿ ಹೊತ್ತಿಗಂತೂ, ಇಸ್ಪೀಟ್ ಎಲೆಗಳ ಸಹಾಯದಿಂದ ಅಂದರ್-ಬಾಹರ್ ಎಂಬ ಜೂಜಾಟ ಆಡುತ್ತಿದ್ದವರ ಬಂಧನ, ಇಷ್ಟು ನಗದು, 52 ಎಲೆ ವಶ ಎಂಬ ಸುದ್ದಿ ತಪ್ಪುವುದಿಲ್ಲ. ಅಂದರ್-ಬಾಹರ್‌ನಲ್ಲಿ ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ, ಆಡುವವನು ಮಾಡುವುದೇನೂ ಇಲ್ಲ. ಪೋಕರ್ ಅದೇ ಸಾಲಿಗೆ ಸೇರುತ್ತದೆಯೇ?

ಕಾನೂನಿನ ಕಥೆ ಸ್ವಾರಸ್ಯವಾಗಿದೆ, ಅದರ ಒಂದು ಕೊಂಡಿ ಕರ್ನಾಟಕದ್ದೇ. ಜೂಜು ಯಾವುದು, ಜಾಣ್ಮೆಯ ಸ್ಪರ್ಧೆ ಯಾವುದು ಎಂದು ಸುಪ್ರೀಂ ಕೋರ್ಟ್ ಮೊದಲು ಗೆರೆ ಎಳೆದ 1957ರ ಚಮರ್‌ಬಾಗ್‌ವಾಲಾ ತೀರ್ಪು ಹುಟ್ಟಿದ್ದು ಪದಬಂಧ ಸ್ಪರ್ಧೆಯಿಂದ. ಆ ಪದಬಂಧ ಪ್ರಕಟವಾಗುತ್ತಿದ್ದದ್ದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ. ತಗಾದೆ ತೆಗೆದದ್ದು ಆಗಿನ ಮುಂಬಯಿ ಸರ್ಕಾರ. 1956ರ ನವೆಂಬರ್‌ವರೆಗೆ ನಮ್ಮ ಧಾರವಾಡ ಜಿಲ್ಲೆ ಆ ಮುಂಬಯಿ ರಾಜ್ಯದಲ್ಲೇ ಇತ್ತು. ಮುಂದೆ ಸಿಕಂದರಾಬಾದಿನ ಕ್ಲಬ್ಬೊಂದರ ಮೇಲಿನ ದಾಳಿಯಿಂದ ಎದ್ದ ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿ ಬಹುಮಟ್ಟಿಗೆ ಜಾಣ್ಮೆಯ ಆಟ ಎಂದಿತು ಸುಪ್ರೀಂ ಕೋರ್ಟ್. ಅದೇ ಉಸಿರಿನಲ್ಲಿ ಫ್ಲಷ್ ಎಂದು ಕರೆಯುವ ಮೂರೆಲೆಯ ಆಟ ಬರೀ ಅದೃಷ್ಟದ್ದು ಎಂದಿತು. ಪೋಕರಿನ ಹೆಸರು ಅಲ್ಲಿ ಬರಲಿಲ್ಲ.

ಕರ್ನಾಟಕ ಪೊಲೀಸ್ ಕಾಯ್ದೆ 1963ರ 176ನೇ ಕಲಂ ಶುದ್ಧ ಜಾಣ್ಮೆಯ ಆಟಕ್ಕೆ, ಅದರಲ್ಲಿ ಆಡುವವರೇ ಕಟ್ಟುವ ಪಣಕ್ಕೆ ರಿಯಾಯಿತಿ ಕೊಟ್ಟಿತ್ತು. 2013ರಲ್ಲಿ ಪೋಕರ್ ಸಂಘವೊಂದು ಹೈಕೋರ್ಟಿಗೆ ಹೋದಾಗ, ಜಾಣ್ಮೆಯ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂಬ ಅಭಿಪ್ರಾಯ ಬಂತು. ಬೆಂಗಳೂರಿನಲ್ಲಿ ಪೋಕರ್ ಕ್ಲಬ್‌ಗಳು ತೆರೆದವು. 2021ರ ತಿದ್ದುಪಡಿ ಜಾಣ್ಮೆಯ ಆಟಕ್ಕೂ ಪಣ ಕಟ್ಟಬಾರದು ಎಂದಿತು. 2022ರ ಫೆಬ್ರುವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಗುಜರಾತ್ ಹೈಕೋರ್ಟ್ 2017ರಲ್ಲೇ ಪೋಕರನ್ನು ಜೂಜೆಂದಿತ್ತು. ಪಶ್ಚಿಮ ಬಂಗಾಳದ ಕಾಯ್ದೆ ಜೂಜಿನ ವ್ಯಾಖ್ಯೆಯಿಂದ ಪೋಕರನ್ನು ಹೆಸರು ಹಿಡಿದೇ ಹೊರಗಿಟ್ಟಿದೆ. ಒಂದು ರಾಜ್ಯದಲ್ಲಿ ಜಾಣ್ಮೆ, ಇನ್ನೊಂದರಲ್ಲಿ ಅಪರಾಧ.

ಇದಾದ ಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು; 22ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಜಾಣ್ಮೆಯೋ ಅದೃಷ್ಟವೋ ಎಂಬ ಅರವತ್ತಕ್ಕೂ ಹೆಚ್ಚು ವರ್ಷಗಳ ವಾದವನ್ನೇ ಪಕ್ಕಕ್ಕಿಟ್ಟು, ರೊಕ್ಕ ಕಟ್ಟಿ ಆನ್‌ಲೈನ್‌ನಲ್ಲಿ ಆಡುವ ಎಲ್ಲ ಆಟಕ್ಕೂ ಅದು ನಿಷೇಧ ಹೇರಿತು. ಮೊಬೈಲಿನ ಪೋಕರ್ ಮೇಜುಗಳು ರಾತ್ರೋರಾತ್ರಿ ಖಾಲಿಯಾದವು. ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಯೊಂದು ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಬೇರೆ ಹೈಕೋರ್ಟ್‌ಗಳಲ್ಲಿದ್ದ ಅರ್ಜಿಗಳ ಜೊತೆ ಅದನ್ನೂ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ಎಳೆದುಕೊಂಡಿತು.

ನಮ್ಮ ಒಂಬತ್ತು-ಎಂಟರ ಕೈಯನ್ನೇ ನ್ಯಾಯಾಲಯದ ಮುಂದೆ ಇಟ್ಟರೆ ಹೇಗೆ ಎಂದು ನಾನು ಆಗಾಗ ಯೋಚಿಸುತ್ತೇನೆ. ಟರ್ನ್‌ನಲ್ಲಿ ಆಟೀನು ಬೀಳುವುದು ಪೂರಾ ಅದೃಷ್ಟ, ಅಂದರ್-ಬಾಹರ್‌ಗಿಂತ ಅದೇನೂ ಮೇಲಲ್ಲ. 11,000ವನ್ನು ಯಾರು ಮೊದಲು ತಳ್ಳಬೇಕು ಎಂಬುದು ಪೂರಾ ಜಾಣ್ಮೆ. ಎರಡೂ ಒಂದೇ ಕೈಯೊಳಗೆ, ಅರ್ಧ ನಿಮಿಷದ ಅಂತರದಲ್ಲಿ ನಡೆಯುತ್ತವೆ. ಆದರೆ ಸರಿಯಾಗಿ ತಳ್ಳಿದವನೂ, ಎದುರಿನವನು ಒಪ್ಪಿಕೊಂಡರೆ, ಮೂರರಲ್ಲಿ ಎರಡು ಸಲ ಸೋತು ಮನೆಗೆ ಹೋಗುತ್ತಾನೆ. ಜಾಣ್ಮೆಯ ಫಲ ಸಾವಿರಾರು ಕೈಗಳ ನಂತರ ಕಾಣಿಸುವಂಥದ್ದು. ಅಷ್ಟು ಕೈ ಬೇಗ ಆಡಲು ಸಿಗುತ್ತಿದ್ದದ್ದು ಮೊಬೈಲಿನಲ್ಲಿ. ಅಷ್ಟೇ ಬೇಗ ಮನೆ ತೊಳೆದುಹೋಗುತ್ತಿದ್ದದ್ದೂ ಅಲ್ಲೇ. ಹಾಗಾಗಿ ಹೊಸ ಕಾಯ್ದೆಯನ್ನು ನಾನು ಕಣ್ಣುಮುಚ್ಚಿ ಬೈಯಲಾರೆ, ಅದು ಆಟವನ್ನು ಅರ್ಥಮಾಡಿಕೊಂಡು ಬಂದ ಕಾಯ್ದೆ ಎಂದೂ ಹೇಳಲಾರೆ.

ಮೊಬೈಲ್ ಮುಚ್ಚಿದ ಮೇಲೆ ರೊಕ್ಕದ ಟೂರ್ನಿ ಆಡಬೇಕೆಂದವರಿಗೆ ಹುಬ್ಬಳ್ಳಿಯಿಂದ ಹತ್ತಿರದ ಊರು ಪಣಜಿ. ಧಾರವಾಡ, ಅಳ್ನಾವರ, ಲೋಂಡಾ ದಾಟಿ ಅನಮೋಡ ಘಾಟ್ ಇಳಿದರೆ ಮಾಂಡೋವಿ ನದಿಯಲ್ಲಿ ದೀಪ ಹೊತ್ತ ಕ್ಯಾಸಿನೊ ಹಡಗುಗಳು. ಗೋವಾದ 1976ರ ಜೂಜು ಕಾಯ್ದೆಗೆ 1992ರಲ್ಲಿ ಪಂಚತಾರಾ ಹೋಟೆಲಿನ ಯಂತ್ರಗಳಿಗಾಗಿ, 1996ರಲ್ಲಿ ಹಡಗುಗಳಿಗಾಗಿ ತಿದ್ದುಪಡಿಯಾದ್ದರಿಂದ ಅಲ್ಲಿ ಇದು ಸಕ್ರಮ. ಗೆದ್ದರೆ ಆದಾಯ ತೆರಿಗೆ ಶೇ 30, ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಇದನ್ನು ಹೋಗುವ ಮುಂಚೆ ಯಾರೂ ಲೆಕ್ಕ ಹಾಕುವುದಿಲ್ಲ.

ಅಲ್ಲಿ ಕೊನೆಯ ಮೇಜಿಗೆ ತಲುಪಿದಿರಿ ಎಂದುಕೊಳ್ಳಿ. ಮಹಡಿಯ ಮೇಲೆ ಗಿರ್ಮಿಟ್ಟಿಗಾಗಿ ಆಡುವಾಗ ಇಲ್ಲದ ಒಂದು ಸಂಗತಿ ಇಲ್ಲಿ ಬರುತ್ತದೆ: ಬಹುಮಾನದ ಮೆಟ್ಟಿಲು. ಮೂವರು ಉಳಿದಿದ್ದೀರಿ, ಮೂವರಲ್ಲೂ ಸಮಸಮ ಚಿಪ್, 10,000 ಎನ್ನಿ. ಬಹುಮಾನ 50,000, 30,000, 20,000 ರೂಪಾಯಿ. ಒಟ್ಟು ಒಂದು ಲಕ್ಷ. ಈ ಕ್ಷಣದಲ್ಲಿ ನಿಮ್ಮ ಚಿಪ್ಪಿನ ನ್ಯಾಯವಾದ ಬೆಲೆ 33,333. ಒಬ್ಬ ಆಲ್-ಇನ್ ಹಾಕಿದ, ನೀವು ಒಪ್ಪಿ ಗೆದ್ದಿರಿ. ಈಗ ನಿಮ್ಮಲ್ಲಿ 20,000, ಉಳಿದವನಲ್ಲಿ 10,000. ಮೂರರಲ್ಲಿ ಎರಡು ಪಾಲು ಮೊದಲ ಸ್ಥಾನ, ಒಂದು ಪಾಲು ಎರಡನೆಯದು: ನಿಮ್ಮ ಬೆಲೆ 43,333. ಚಿಪ್ ಇಮ್ಮಡಿಯಾಯಿತು, ಬೆಲೆ ಹತ್ತು ಸಾವಿರವಷ್ಟೇ ಏರಿತು. ಸೋತಿದ್ದರೆ? 20,000 ಹಿಡಿದು ಎದ್ದು ಬರುತ್ತೀರಿ, 13,333 ಇಳಿಯಿತು. ಕಳೆಯುವ ಚಿಪ್ ಗಳಿಸುವ ಚಿಪ್ಪಿಗಿಂತ ದುಬಾರಿ. ನಡುವೆ ಮೊದಲೇ ಬಿದ್ದ ಬ್ಲೈಂಡನ್ನು ಬಿಟ್ಟು ಲೆಕ್ಕ ಹಾಕಿದರೆ, ಒಪ್ಪಿಕೊಳ್ಳಲು ಬೇಕಾದ ಗೆಲುವು ಶೇ 50 ಅಲ್ಲ, 57.

ಈ 57 ಎಷ್ಟು ಕ್ರೂರ ಅಂಕಿ ಎನ್ನುವುದಕ್ಕೆ ಒಂದು ಕೈ ನೋಡಿ. ನಿಮ್ಮಲ್ಲಿ ಆಟೀನಿನ ಎಕ್ಕ ಮತ್ತು ರಾಜ. ಫ್ಲಾಪ್‌ನಲ್ಲಿ ಆಟೀನಿನ ಏಳು, ಆಟೀನಿನ ಮೂರು, ಕಳಾವರದ ಹತ್ತು. ಎದುರಿನವನ ಕೈಯಲ್ಲೊಂದು ಹತ್ತು ಇದ್ದು, ಮೇಜಿನ ಹತ್ತಿನೊಂದಿಗೆ ಜೋಡಿಯಾಗಿದೆಯೆಂದು ಬಲವಾದ ಗುಮಾನಿ. ನಿಮ್ಮನ್ನು ಗೆಲ್ಲಿಸುವ ಎಲೆ ಒಂಬತ್ತು ಆಟೀನು, ಮೂರು ಎಕ್ಕ, ಮೂರು ರಾಜ, ಒಟ್ಟು ಹದಿನೈದು. ಎರಡು ಎಲೆ ಬಾಕಿ ಇದ್ದರೆ ಶೇ 54. ಸಾಮಾನ್ಯ ಆಟದಲ್ಲಿ ಕಣ್ಣುಮುಚ್ಚಿ ರೊಕ್ಕ ಹಾಕುವ ಕೈ ಇದು, ಡ್ರಾಗಳಲ್ಲಿ ಇದಕ್ಕಿಂತ ಸೊಗಸಾದದ್ದು ಅಪರೂಪ. ಆದರೆ ಆ ಮೂವರ ಮೇಜಿನಲ್ಲಿ, ಎದುರಿನವನ ಆಲ್-ಇನ್ ಒಪ್ಪಲು ಇದೂ ಸಾಲದು. ನಡುವಿನ ರಾಶಿ ದೊಡ್ಡದಿದ್ದರೆ ಮಾತ್ರ ಲೆಕ್ಕ ಮತ್ತೆ ನಿಮ್ಮ ಕಡೆ ತಿರುಗುತ್ತದೆ. ಬರೀ ಒಂಬತ್ತು ಎಲೆಯ ಆಸೆ ಇದ್ದವನು ಅಲ್ಲಿ ಕಾಲ್ ಎನ್ನುವ ಮಾತೇ ಇಲ್ಲ.

ಚಿಪ್ಪನ್ನು ರೂಪಾಯಿಗೆ ತಿರುಗಿಸುವ ಈ ಲೆಕ್ಕಕ್ಕೆ ಐಸಿಎಂ ಎನ್ನುತ್ತಾರೆ. ಇದರ ಸೂತ್ರ ಮೊದಲು ಬಂದದ್ದು ಇಸ್ಪೀಟಿಗಲ್ಲ, ಕುದುರೆ ರೇಸಿಗೆ. ಯಾವ ಕುದುರೆ ಎರಡನೆಯದಾಗಿ, ಮೂರನೆಯದಾಗಿ ಬರುವ ಸಾಧ್ಯತೆ ಎಷ್ಟು ಎಂದು ಡೇವಿಡ್ ಹಾರ್ವಿಲ್ ಎಂಬ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ಬರೆದ. ಪೋಕರ್ ಲೇಖಕ ಮೇಸನ್ ಮಾಲ್ಮತ್ ಅದನ್ನು 1980ರ ದಶಕದಲ್ಲಿ ಪೋಕರ್ ಟೂರ್ನಿಗೆ ತಂದ. ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಕುದುರೆ ರೇಸನ್ನು ಜಾಣ್ಮೆಯ ಆಟ ಎಂದದ್ದು ನೆನಪಾಗಿ ನನಗೆ ನಗು ಬಂತು. ಗಣಿತದಲ್ಲಿ ಎರಡೂ ನೆಂಟರು.

ಇದೇ ಲೆಕ್ಕ ಮೊದಲು ತಳ್ಳುವವನಿಗೆ ವರವಾಗುತ್ತದೆ. ಮೂವರೂ ಸಮ ಇದ್ದಾಗ ಒಪ್ಪಲು ನಿಮಗೆ 57 ಬೇಕಾದರೆ ಎದುರಿನವನಿಗೂ 57 ಬೇಕು. ಆರರ ಜೋಡಿ ಹಿಡಿದವನು, ಬರೀ ಎಕ್ಕ ಹಿಡಿದವನು ಬೆವರುತ್ತಾನೆ. ಸಾಮಾನ್ಯ ಹೊತ್ತಿನಲ್ಲಿ ಒಪ್ಪುವ ಕೈಯನ್ನು ಈಗ ಮುಚ್ಚುತ್ತಾನೆ. ನಾಲ್ಕು ಆಟೀನು ಹಿಡಿದು ತಳ್ಳಿದವನಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಒಂದೇ ಷರತ್ತು: ಎದುರಿನವನು ಸೋತರೆ ಅವನಿಗೂ ನೋವಾಗಬೇಕು. ಮೇಜಿನ ಅರ್ಧ ಚಿಪ್ ಗುಡ್ಡೆ ಹಾಕಿಕೊಂಡು ಕೂತವನಿಗೆ ನಿಮ್ಮ ಚಿಪ್ ಚಿಲ್ಲರೆ. ಅವನು ಕುತೂಹಲಕ್ಕೇ ಒಪ್ಪುತ್ತಾನೆ. ಅವನಿಗಿಂತ, ನಿಮ್ಮಷ್ಟೇ ಅಥವಾ ತುಸು ಹೆಚ್ಚು ಇರುವ, ಮೆಟ್ಟಿಲು ಏರಲು ಕಾಯುತ್ತಿರುವವನನ್ನು ಹುಡುಕಿ ತಳ್ಳುವುದು ಲೇಸು.

ಯಾವಾಗ ತಳ್ಳಬಾರದು? ಎದುರಿನವನು ಎಂದೂ ಮುಚ್ಚದ ಜಾತಿಯವನಾದರೆ. ಪ್ರತಿ ಮೇಜಿನಲ್ಲೂ ಅಂಥವನೊಬ್ಬ ಇರುತ್ತಾನೆ. ಮಹಡಿಯ ಗುಂಪಿನಲ್ಲಿ ಅವನಿಗೆ ‘ಕಾಲ್ಯಾ’ ಎಂದೇ ಅಡ್ಡಹೆಸರು. ಅವನ ಮುಂದೆ ಸೆಮಿ-ಬ್ಲಫ್ ಅರ್ಧ ಸತ್ತಂತೆ, ಮೊದಲು ಲೆಕ್ಕ ಹಾಕಿದ 1,375ರ ನಷ್ಟ ಪೂರ್ತಿ ನಿಮ್ಮದೇ. ಮೇಜಿನ ಎಲೆಗಳಲ್ಲಿ ಜೋಡಿ ಬಿದ್ದಿದ್ದರೂ ಎಚ್ಚರ ಬೇಕು: ನಿಮಗೆ ಆಟೀನು ಬಂದರೂ ಎದುರಿನವನಿಗೆ ಫ್ಲಷ್ಷಿಗಿಂತ ಮೇಲಿನ ಫುಲ್ ಹೌಸ್ (ಒಂದೇ ಅಂಕಿಯ ಮೂರು, ಜೊತೆಗೊಂದು ಜೋಡಿ) ಕೂಡಿರಬಹುದು. ಅವನಲ್ಲಿ ಮೂರು ಒಂದೇ ಅಂಕಿಯ ಎಲೆ ಇದ್ದರೆ ನಿಮ್ಮ 35 ಕುಸಿದು 25ಕ್ಕೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಮೂವರು ಕೂಡಿದ ರಾಶಿ. ಒಬ್ಬ 2,000 ಹಾಕಿ, ಇನ್ನೊಬ್ಬ ಅದನ್ನು ಒಪ್ಪಿ, ಆಮೇಲೆ ನಿಮ್ಮ ಸರದಿ ಬಂದಾಗ ರಾಶಿ ದೊಡ್ಡದಾಗಿ ಕಂಡು ಬಾಯಲ್ಲಿ ನೀರೂರುತ್ತದೆ. ಆದರೆ ಇಬ್ಬರೂ ಮುಚ್ಚಬೇಕು, ಆಗಷ್ಟೇ ನಿಮ್ಮ ಎರಡನೆಯ ದಾರಿ ತೆರೆಯುವುದು. ಸುಮ್ಮನೆ ಒಪ್ಪಿದ ಆ ನಡುವಿನವನು ಏನು ಹಿಡಿದು ಕೂತಿದ್ದಾನೆ? ಎಷ್ಟೋ ಸಲ ಅವನದೂ ಆಟೀನೇ, ನಿಮಗಿಂತ ದೊಡ್ಡದು. ರಾಜ ಮೇಜಿನ ಮೇಲಿದ್ದಾನೆ, ಎಕ್ಕ ಅವನಲ್ಲಿದ್ದರೆ ನೀವು ಕಾಯುತ್ತಿರುವ ಎಲೆ ಬಂದ ಕ್ಷಣದಲ್ಲೇ ನಿಮ್ಮ ಚಿಪ್ ಅವನ ಪಾಲು. ಅಲ್ಲಿ ಒಂಬತ್ತು-ಎಂಟನ್ನು ಮುಚ್ಚಿ ಡೀಲರ್ ಕಡೆ ಸರಿಸಿಬಿಡಿ. ಇನ್ನೂ 11 ಬ್ಲೈಂಡ್ ಉಳಿದಿದೆ. ಮುಂದಿನ ಕೈಗೆ ಸಣ್ಣ ಬ್ಲೈಂಡಿನ 500 ಕಟ್ಟಿದರೆ, ಆಮೇಲೆ ಏಳು ಕೈಯನ್ನು ಏನೂ ಕೊಡದೆ ನೋಡಬಹುದು.